ಲಿಯೊಂತೀನಜ್ಜಿಯ ಓಟು

ಮತಗಟ್ಟೆಯ ಪರದೆಯ ಹಿಂದೆ ನಿಂತ ಸೊಲಾಂಜ್‌ಳ ಕೈಯಲ್ಲಿ ಎರಡು ಹಾಳೆ, ಎರಡು ಲಕೋಟೆ. ಒಂದು ತನ್ನದು. ಇನ್ನೊಂದು ಪಕ್ಕದ ಮನೆಯ ಲಿಯೊಂತೀನಜ್ಜಿಯದು. ಸೊಂಟ ಮುರಿದುಕೊಂಡು ಕ್ಲೆರ್ಮೋಂ ನಗರದ ಆಸ್ಪತ್ರೆಯಲ್ಲಿ ಮಲಗಿದ್ದ ಅಜ್ಜಿ ತನ್ನ ಓಟು ಹಾಕುವ ಅಧಿಕಾರವನ್ನು ಇವಳಿಗೆ ಬರೆದುಕೊಟ್ಟಿದ್ದಳು. ಎರಡು ಹಾಳೆಯಲ್ಲೂ ಊರ ಕೌನ್ಸಿಲ್ಲಿನ ಹನ್ನೊಂದು ಜಾಗಕ್ಕೆ ನಿಂತ ಅವೇ ಹನ್ನೊಂದು ಹೆಸರು. ಬೇಡದವರ ಹೆಸರು ಹೊಡೆದುಹಾಕಬಹುದು; ಉಳಿದ ಹೆಸರಿಗೆಲ್ಲ ಒಂದೊಂದು ಮತ. ನಾಲ್ಕನೆಯದು ರೆಜಿಸ್, ಅವಳ ಗಂಡ.

ತನ್ನ ಹಾಳೆಯನ್ನು ಹಾಗೇ ಮಡಚಿ ಲಕೋಟೆಗೆ ಹಾಕಿದಳು. ಇನ್ನೊಂದರ ಮೇಲೆ ಪೆನ್ನು ಇಳಿಯಲಿಲ್ಲ.

"ನಿನ್ನ ಗಂಡನ ಹೆಸರು ಹೊಡೆದುಹಾಕು," ಅಂದಿದ್ದಳು ಅಜ್ಜಿ, ಓಟಿನ ಅಧಿಕಾರದ ಕಾಗದ ಬರೆಸಿಕೊಳ್ಳಲು ಬಂದ ಪೊಲೀಸಿನವನು ಹಾಸಿಗೆ ಬಿಟ್ಟು ಅತ್ತ ಹೋದಮೇಲೆ. "ಅರವತ್ತು ವರ್ಷ ನಾನು ಓಡಾಡಿದ ಕಾಲುದಾರಿಗೆ ಬೇಲಿ ಹಾಕ್ದ. ಸುತ್ತು ಬಳಸಿ ಬರೋವಾಗಲೇ ಅಲ್ವೇನೇ ನಾನು ಬಿದ್ದಿದ್ದು?"

"ಇದನ್ನ ನನಗೇ ಹೇಳ್ತೀರಲ್ಲ ಅಜ್ಜಿ! ಬೇರೆ ಯಾರೂ ಸಿಗಲಿಲ್ವಾ?"

"ಸಿಕ್ತಾರೆ. ಕಾಫಿ ಕುಡೀತಾ ನಿನ್ನ ಗಂಡನ ಕಿವೀಗೇ ಹಾಕ್ತಾರೆ. ನೀನು ಹೇಳಲ್ಲ. ಬೇಲಿ ಹಾಕಿದಾಗಲೂ ಬಾಯಿ ಬಿಡಲಿಲ್ವಲ್ಲ."

ಆ ಬೇಲಿಯೊಳಗೆ ಈಗ ಸೊಲಾಂಜ್‌ಳ ಹಸುಗಳೇ ಮೇಯುತ್ತಿದ್ದವು.

"ಏನೇ, ಒಳಗೇ ಒಲೆ ಹಚ್ಚಿದೀಯಾ?" ಹೊರಗಿನಿಂದ ರೆಜಿಸ್ ಕೂಗಿದ. ಸಾಲಿನಲ್ಲಿದ್ದವರು ನಕ್ಕರು.

ಅಜ್ಜಿಯ ಹಾಳೆಯನ್ನೂ ಹಾಗೇ ಮಡಚಿದಳು. ಬಿಡಿಸಿದಳು. ಮತ್ತೆ ಮಡಚಿದಳು. ಯಾರಿಗೆ ಗೊತ್ತಾಗುತ್ತೆ? ಕೊನೆಗೆ ಹಲಗೆಯ ಮೇಲೆ ಹರವಿ ಗಂಡನ ಹೆಸರಿನ ಮೇಲೊಂದು ಗೆರೆ ಎಳೆದಳು. ಗೆರೆ ಸೊಟ್ಟಗಾಯಿತು. ಅದರ ಮೇಲೆ ಇನ್ನೊಂದು, ಅಕ್ಷರ ಕಾಣದ ಹಾಗೆ.

"ಮತ ಹಾಕಿದರು!" ಎಂದು ಪೆಟ್ಟಿಗೆಯ ಪಕ್ಕದವನು ಲಕೋಟೆಗೊಂದರಂತೆ ಎರಡು ಸಲ ಕೂಗಿದ.

ಸಂಜೆ ಎಣಿಕೆ. ಒಂದೊಂದೇ ಹಾಳೆ ಬಿಡಿಸಿ ಹೆಸರು ಓದುತ್ತಿದ್ದರು. ಮೂರನೆಯ ಹೆಸರಿನಿಂದ ಐದನೆಯದಕ್ಕೆ ಹಾರಿದಾಗ ಸೊಲಾಂಜ್ ಇದೇ ಅದು ಎಂದುಕೊಂಡಳು. ಆದರೆ ಹಾರಿದ್ದು ಒಂದೆರಡು ಸಲವಲ್ಲ. ಮೊದಮೊದಲು ನಗುತ್ತಿದ್ದ ರೆಜಿಸ್ ಆಮೇಲೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬಿದ್ದ ಮತ ಐವತ್ತೆಂಟು, ಗೆಲ್ಲಲು ಬೇಕಾದದ್ದು ಮೂವತ್ತು. ಅವನಿಗೆ ಬಂದದ್ದು ಇಪ್ಪತ್ತೊಂಬತ್ತು. ಉಳಿದ ಹತ್ತೂ ಜನ ಗೆದ್ದರು. ಅವನ ಜಾಗಕ್ಕೆ ಮುಂದಿನ ಭಾನುವಾರ ಮತ್ತೆ ಮತದಾನ.

ವ್ಯಾನಿನಲ್ಲಿ ಕೂತು, ಚಾವಿ ತಿರುಗಿಸದೆ, ಅವನು ಬೆರಳು ಮಡಚತೊಡಗಿದ.

"ಒಂದೇ ಒಂದು ಕಣೇ! ನಂದು, ನಿಂದು, ಅಜ್ಜಿದು, ಈ ಮೂರಂತೂ ಗಟ್ಟಿ. ಉಳಿದವರಲ್ಲಿ ಕೈ ಕೊಟ್ಟವರು ಯಾರು ಅಂತ ನೋಡ್ಬೇಕು. ಅಜ್ಜಿ ಬರೆದುಕೊಟ್ಟ ಕಾಗದ ಮುಂದಿನ ವಾರಕ್ಕೂ ನಡೆಯುತ್ತೆ ತಾನೇ?"

"ನಡೆಯುತ್ತೆ," ಅಂದಳು.

ಇಬ್ಬರ ಉಸಿರಿಗೆ ಗಾಜು ಮಂಜುಗಟ್ಟಿತ್ತು. ಸೊಲಾಂಜ್ ತನ್ನ ಕಡೆಯಷ್ಟನ್ನು ತೋಳಿನಿಂದ ಒರೆಸಿದಳು. ಅದು ಮತ್ತೆ ಮಸುಕಾಯಿತು. ಮತ್ತೆ ಒರೆಸಿದಳು.