ಗಂಡನ ಸಹಿ

ಚಿಗಳ್ಳಿಯಲ್ಲಿ ಯಾವ ಮನೆಯ ಹೆಂಗಸಿಗೆ ಎಷ್ಟನೇ ತಿಂಗಳು ಎಂಬುದು ಆ ಮನೆಯ ಗಂಡಸರಿಗಿಂತ ಮೊದಲು ಗೊತ್ತಾಗುತ್ತಿದ್ದುದು ನಿರ್ಮಲಾಗೆ. ಆಶಾ ಕಾರ್ಯಕರ್ತೆಯೆಂದು ಗುಲಾಬಿ ಸೀರೆ ಉಟ್ಟು ಹದಿನಾಲ್ಕು ವರ್ಷ ಓಣಿ ಓಣಿ ಸುತ್ತಿದವಳು. ಕಬ್ಬಿಣಾಂಶದ ಮಾತ್ರೆ, ನಿರೋಧ, ಪೋಲಿಯೊ ಹನಿ, ಹೆರಿಗೆ ನೋವು ಬಂದವರನ್ನು ಕೂರಿಸಿಕೊಂಡು ಮುಂಡಗೋಡಿಗೆ ಓಟ, ಎಲ್ಲ ಅವಳ ಪಾಲಿಗೆ. ಅಂಥವಳಿಗೆ ಮೂವತ್ತೊಂಬತ್ತನೇ ವಯಸ್ಸಿನಲ್ಲಿ, ಮಗಳು ಐಶ್ವರ್ಯಾ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿರುವಾಗ, ತಿಂಗಳು ತಪ್ಪಿತು. ಬಸಿರು ನಿಲ್ಲದಂತೆ ಹಾಕಿಸಿಕೊಂಡಿದ್ದ ಹತ್ತು ವರ್ಷದ ವಂಕಿಯ, ಅಂದರೆ ಕಾಪರ್-ಟಿಯ, ಅವಧಿ ಮುಗಿದು ತೆಗೆಸಿದ್ದಳು. ಹೊಸದನ್ನು ಹಾಕಿಸಿಕೊಳ್ಳಲು ಊರಿನ ಚಾಕರಿ ಪುರುಸೊತ್ತು ಕೊಟ್ಟಿರಲಿಲ್ಲ. ಊರಿಗೆಲ್ಲ ಹಂಚುವ ಬಸಿರು ಪರೀಕ್ಷೆಯ ಕಿಟ್ಟನ್ನೇ ತೆಗೆದುಕೊಂಡು ಬಚ್ಚಲಲ್ಲಿ ನಿಂತು ನೋಡಿದಳು. ಎರಡು ಗೆರೆ.

ಯಾರಿಗೆ ಹೇಳುವುದು? ಬಾಯಿ ಬಿಟ್ಟರೆ ಬಣ್ಣಗೇಡು. ಮನೆ ಮನೆಗೆ ಹೋಗಿ ಎರಡು ಸಾಕು, ಎಚ್ಚರದಿಂದಿರಿ ಎಂದು ಬುದ್ಧಿ ಹೇಳಿದವಳ ಗತಿ ಇದು ಎಂದು ಹಿಟ್ಟಿನ ಗಿರಣಿಯಲ್ಲಿ ನಕ್ಕು ನಕ್ಕು ಸಾಯುತ್ತಾರೆ. ಊರ ಹೆಂಗಸರೆಲ್ಲ ತಮ್ಮ ಗುಟ್ಟನ್ನು ತಂದು ಅವಳ ಮುಂದೆ ಸುರಿಯುತ್ತಿದ್ದರು. ಅವಳ ಗುಟ್ಟನ್ನು ಕೇಳುವವರು ಒಬ್ಬರೂ ಇರಲಿಲ್ಲ. ಇದು ಅವಳಿಗೆ ಅಂದೇ ಮೊದಲು ಹೊಳೆದದ್ದು.

ಬೇಡ ಎಂಬುದೊಂದು ಮಾತ್ರ ಸ್ಪಷ್ಟವಿತ್ತು. ಯಾಕೆ ಬೇಡ ಎಂದರೆ ದೊಡ್ಡ ಕಾರಣವೇನೂ ಇಲ್ಲ. ಜಡ್ಡಿಲ್ಲ, ಜಾಪತ್ರೆಯಿಲ್ಲ, ಉಣ್ಣಲು ಕೊರತೆಯಿಲ್ಲ. ಇನ್ನೊಮ್ಮೆ ಎದೆಹಾಲು, ಇನ್ನೊಮ್ಮೆ ನಿದ್ದೆಗೆಟ್ಟ ಎರಡು ವರ್ಷ, ತನ್ನಿಂದ ಆಗುವುದಿಲ್ಲ ಎಂದು ಮೈಯೇ ಹೇಳುತ್ತಿತ್ತು. ಅಷ್ಟೇ.

ಗಂಡ ವೀರೇಶ ಕೆಟ್ಟವನಲ್ಲ. ಗೋವಿನಜೋಳ ಬೆಳೆದು, ವಾರಕ್ಕೊಮ್ಮೆ ಸಂತೆಗೆ ಹೋಗಿ ಬಂದು, ಹೆಂಡತಿಯ ಕೈಗೆ ಚೀಲ ಕೊಡುವ ಸಾದಾ ಮನುಷ್ಯ. ಸುದ್ದಿ ಹೇಳಿದಾಗ ಅವನ ಮುಖ ಅರಳಿದ್ದನ್ನು ನೋಡಿ ನಿರ್ಮಲಾ ಬೇಡ ಎಂಬ ಮಾತನ್ನು ಮುಂದಕ್ಕೆ ಹಾಕಿದಳು. ಮಗಳು ಹಾಸ್ಟೆಲಿಗೆ ಹೋದ ಮೇಲೆ ಮನೆ ಭಣಗುಡುತ್ತಿದೆ ಎಂದು ಅವನು ಎಷ್ಟೋ ಸಲ ಅಂದಿದ್ದ. ಅವನು ಅವ್ವ ಗಿರಿಜಾಬಾಯಿಗೆ ಹೇಳಿಯೂಬಿಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಆ ಮುದುಕಿ ಮೊಮ್ಮಗನಿಗೆ ಹೆಸರು ಹುಡುಕತೊಡಗಿದಳು.

ನಿರ್ಮಲಾ ತನಗೆ ಬೇಡವೆಂದು ಹೇಳಿದಾಗ ವೀರೇಶ ಕೂಗಾಡಲಿಲ್ಲ. ಒಂದು ಮಾತು ಕೇಳಿದ.

"ಲಸಿಕೆ ಹಾಕೂಮುಂದ ಊರ ಮಂದಿಗೆ ಏನಂತಿದ್ದಿ ನೀ? ನಿಮ್ಮ ಮೈ ನಿಮ್ಮದಷ್ಟ ಅಲ್ಲ, ಎಲ್ಲಾರದೂ ಐತಿ ಅಂತಿದ್ದಿ. ಈಗ ನಿನ್ನ ಮೈ ನಿಂದಷ್ಟ ಆತನು?"

ಅವಳ ಉತ್ತರಕ್ಕೆ ಕಾಯದೆ, ತೆಗೆಸುವ ಕಾಗದಕ್ಕೆ ತಾನು ಸಹಿ ಹಾಕುವುದಿಲ್ಲ ಎಂದು ಹೇಳಿ ಅವನು ಎದ್ದು ಹೊಲಕ್ಕೆ ಹೋದ.

ಅವನು ಅಂದದ್ದು ಸುಳ್ಳಲ್ಲ. ಕೊರೊನಾದ ವರ್ಷ ನಿರ್ಮಲಾ ಪಂಚಾಯತಿ ಕಟ್ಟೆಯ ಮೇಲೆ ನಿಂತು ಅದೇ ಮಾತನ್ನು ನೂರು ಸಲ ಹೇಳಿದ್ದಳು. ನಿಮ್ಮ ಕೆಮ್ಮು ನಿಮ್ಮ ಮನೆಯಲ್ಲೇ ಇರುವುದಿಲ್ಲ ಎಂದಿದ್ದಳು. ಹೆಚ್ಚಿನವರು ಗೊಣಗುತ್ತ ಬಂದು ತೋಳು ಕೊಟ್ಟರು. ಹಿಂದಿನ ಓಣಿಯ ನೀಲಕ್ಕ ಮಾತ್ರ ಬರಲಿಲ್ಲ. ನೀಲಕ್ಕ ಟಿಬೆಟಿಯನ್ ಕ್ಯಾಂಪಿನ ಒಂದು ಖಾನಾವಳಿಯಲ್ಲಿ ಅಡುಗೆಗೆ ಹೋಗುತ್ತಿದ್ದಳು. ಸೂಜಿ ಹಾಕಿಸಿಕೊಂಡು ಎರಡು ದಿನ ಜ್ವರ ಬಂದರೆ ಕೆಲಸ ಹೋಗುತ್ತದೆ, ನನ್ನ ಮೈ ನನಗೆ ಗೊತ್ತು ಎಂದು ಹಟ ಹಿಡಿದಳು. ಮೇಲಿನವರಿಗೆ ಪಟ್ಟಿ ಪೂರ್ತಿ ತೋರಿಸಬೇಕಿದ್ದ ನಿರ್ಮಲಾ, ಲಸಿಕೆ ಇಲ್ಲದವರಿಗೆ ರೇಶನ್ ಬಂದ್ ಆಗುತ್ತದೆ ಎಂದು ಒಂದು ಸುಳ್ಳು ಹೊಸೆದಳು. ಅಂಥ ಆದೇಶ ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಮರುದಿನ ನೀಲಕ್ಕ ಬಂದು ಯಾರ ಮುಖವನ್ನೂ ನೋಡದೆ ತೋಳು ಚಾಚಿದಳು. ಒಳ್ಳೆಯದಕ್ಕೆ ಹೇಳಿದ ಸುಳ್ಳು ಎಂದು ನಿರ್ಮಲಾ ಆ ದಿನ ನೆಮ್ಮದಿಯಿಂದ ಉಂಡಳು.

ವರ್ಷ ಕಳೆದ ಮೇಲೆ ಅದೇ ನೀಲಕ್ಕ ಒಂದು ಸಂಜೆ ನಿರ್ಮಲಾಳ ಹಿತ್ತಲಿಗೆ ಬಂದಳು. ಮೂರು ಹೆಣ್ಣುಮಕ್ಕಳಿದ್ದವು, ನಾಲ್ಕನೆಯದು ನಿಂತಿತ್ತು, ತೆಗೆಸಬೇಕು ಅಂದಳು. ಗಂಡ ದುರ್ಗಪ್ಪ ಗಂಡುಮಗುವಿಗಾಗಿ ಕಾದು ಕೂತಿದ್ದ. ನಿರ್ಮಲಾ ತನಗೆ ತಿಳಿದ ಕಾಯ್ದೆ ಹೇಳಿದಳು. ಗಂಡನ ಸಹಿ ಬೇಕು. ಅವನು ಜನ್ಮ ಹೋದರೂ ಹಾಕುವುದಿಲ್ಲ ಎಂದಳು ನೀಲಕ್ಕ. ಹಾಗಾದರೆ ಆಗುವುದಿಲ್ಲ ಎಂದಳು ನಿರ್ಮಲಾ.

"ಸೂಜಿ ಚುಚ್ಚೂಮುಂದ ನನ್ನ ಗಂಡನ ಸಹಿ ಕೇಳಲಿಲ್ಲಲ್ಲ ನೀ?" ಎಂದು ಕೇಳಿ ನೀಲಕ್ಕ ಹೊರಟುಹೋದಳು. ನಾಲ್ಕನೆಯದೂ ಹೆಣ್ಣಾಯಿತು. ಹೆರಿಗೆಯಲ್ಲಿ ಗರ್ಭಕೋಶ ಜಾರಿತು, ಸೊಂಟಕ್ಕೆ ಕೈಕೊಟ್ಟು ನಡೆಯುವಂತಾಯಿತು, ಖಾನಾವಳಿಯ ಕೆಲಸವೂ ಹೋಯಿತು. ಅಂದಿನಿಂದ ಅವಳು ನಿರ್ಮಲಾಳೊಂದಿಗೆ ಹೂಂ, ಹಾಂ ಬಿಟ್ಟು ಬೇರೆ ಮಾತಾಡಿರಲಿಲ್ಲ.

ಆ ಕಾಯ್ದೆ ನಿರ್ಮಲಾಗೆ ಬಂದದ್ದು ಊರಿನ ಉಪಕೇಂದ್ರದಲ್ಲಿ ಮೊದಲಿದ್ದ ಹಿರಿಯ ನರ್ಸಬಾಯಿಯಿಂದ. ಗಂಡನ ಸಹಿ ಇಲ್ಲದೆ ಯಾರನ್ನೂ ಕರೆತರಬೇಡ, ನಾಳೆ ಗಂಡ ಬಂದು ಜಗಳ ತೆಗೆದರೆ ನನ್ನ ಕೊರಳಿಗೆ ಬರುತ್ತದೆ ಎಂದು ಆಕೆ ಕೆಲಸದ ಮೊದಲ ವಾರವೇ ಹೇಳಿಕೊಟ್ಟಿದ್ದಳು. ನಿರ್ಮಲಾ ಅದನ್ನು ಸರಕಾರದ ಮಾತೆಂದು ನಂಬಿ, ಹದಿನಾಲ್ಕು ವರ್ಷ ಒಂದು ದಿನವೂ ತಪ್ಪದೆ ಪಾಲಿಸಿದಳು. ನಿಯಮಕ್ಕೆ ಅವಳಷ್ಟು ನಿಯತ್ತಿನವರು ಬೇರೆ ಇರಲಿಲ್ಲ.

ಈಗ ಅದೇ ನಿಯಮ ಅವಳ ಬಾಗಿಲಿಗೆ ಬಂದು ನಿಂತಿತ್ತು. ಮೂರು ದಿನ ವೀರೇಶನ ಹಿಂದೆ ಮುಂದೆ ತಿರುಗಿದಳು. ಅವನು ಜಗ್ಗಲಿಲ್ಲ. ನಾಲ್ಕನೆಯ ದಿನ ಅವನ ಬ್ಯಾಂಕಿನ ಪಾಸ್‌ಬುಕ್ಕು ತೆಗೆದು, ಅದರಲ್ಲಿನ ಸಹಿ ನೋಡಿ ನೋಡಿ ಹಳೆಯ ರಿಜಿಸ್ಟರಿನ ಹಿಂದಿನ ಪುಟದಲ್ಲಿ ಕೈ ತಿದ್ದಿದಳು. ಹತ್ತನೆಯ ಸಲಕ್ಕೆ ಒಪ್ಪುವಂತೆ ಬಂತು. ಒಂದು ಬಿಳಿ ಹಾಳೆಯಲ್ಲಿ ನನ್ನ ಒಪ್ಪಿಗೆ ಇದೆ ಎಂದು ಗಂಡನ ಮಾತಾಗಿ ಬರೆದು ಕೆಳಗೆ ಆ ಸಹಿ ಇಳಿಸಿದಳು. ಊರಿನ ಯಾವ ಹೆಂಗಸಾದರೂ ಹೀಗೆ ಮಾಡಿದ್ದರೆ ತಾನೇ ಮೊದಲು ಬೈಯುತ್ತಿದ್ದೆ ಎಂದು ಅನ್ನಿಸಿತು.

ಮುಂಡಗೋಡಿನ ದವಾಖಾನೆಯಲ್ಲಿ ಗೇಟಿನವನಿಂದ ಹಿಡಿದು ಎಲ್ಲರಿಗೂ ಅವಳ ಪರಿಚಯ. ಹಾಗಾಗಿ ಹಳಿಯಾಳಕ್ಕೆ ಹೊರಟಳು. ಮೀಟಿಂಗಿದೆ ಎಂದು ಅತ್ತೆಗೆ ಹೇಳಿ, ಗುಲಾಬಿ ಸೀರೆ ಬಿಟ್ಟು ಕಂದು ಸೀರೆ ಉಟ್ಟು, ಕಲಘಟಗಿಯಲ್ಲಿ ಬಸ್ಸು ಬದಲಿಸಿದಳು. ಊರ ಹೆಣ್ಣುಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಅವರ ಪಕ್ಕ ಕೂತು, ಹೆದರಬೇಡ, ನಾನಿದ್ದೇನೆ ಎನ್ನುವುದು ಅವಳ ರೂಢಿ. ಇಂದು ಪಕ್ಕದ ಸೀಟಿನಲ್ಲಿ ಯಾರದೋ ಈರುಳ್ಳಿ ಚೀಲವಿತ್ತು.

ಬಸ್ಸು ಕಾಡಿನ ದಾರಿ ಹಿಡಿದಾಗ ವೀರೇಶನಿಗೆ ಕೊಡಬೇಕಿದ್ದ ಉತ್ತರ ಸಿಕ್ಕಿತು. ಒಬ್ಬರ ಕೆಮ್ಮು ಹತ್ತು ಮನೆಗೆ ಹೋಗುತ್ತದೆ, ನನ್ನ ಬಸಿರು ಯಾರ ಮನೆಗೂ ಹೋಗುವುದಿಲ್ಲ. ಸೂಜಿ ಚುಚ್ಚಿಸಿಕೊಂಡವರು ಅರ್ಧ ತಾಸು ಕೂತು ಮನೆಗೆ ಹೋಗುತ್ತಿದ್ದರು, ಬಸಿರಿಗೆ ಪೂರ್ತಿ ಮೈಯನ್ನೇ ಒತ್ತೆ ಇಡಬೇಕು. ಒಳ್ಳೆಯ ಉತ್ತರ. ಆದರೆ ಒಳಗಿರುವುದಕ್ಕೆ ನಿನ್ನ ಹೊಟ್ಟೆಯೇ ಮನೆಯಲ್ಲವೇ ಎಂದು ಅವನು ಕೇಳಿದರೆ? ಅದಕ್ಕೆ ಉತ್ತರವಿಲ್ಲದಿದ್ದರೂ ಬೇಡ ಎಂಬುದು ಬೇಡವಾಗಿಯೇ ಇತ್ತು. ವಾದ ಮಾಡಿ ಗೆಲ್ಲಲಾದರೂ ಒಬ್ಬರು ಎದುರಿಗೆ ಬೇಕಲ್ಲ, ಅವಳು ಕಿಟಕಿಯ ಹೊರಗೆ ತೇಗದ ಮರಗಳನ್ನು ನೋಡುತ್ತ ಕೂತಳು.

ಡಾಕ್ಟರ್ ಶಾಹೀನ ದಾಂಡೇಲಿಯ ಕಡೆಯವರು, ನಲವತ್ತೈದರ ಹೆಂಗಸು, ಹಳಿಯಾಳದಲ್ಲಿ ಸಣ್ಣದೊಂದು ಆಸ್ಪತ್ರೆ ಇಟ್ಟಿದ್ದರು. ತಪಾಸಣೆ ಮಾಡಿ, ಏಳು ವಾರ ಎಂದರು. ಬೇರೆ ತೊಂದರೆಗಳ ಬಗ್ಗೆ ಕೇಳಿದರು, ಒಂದು ಫಾರ್ಮ್ ತುಂಬಿದರು. ನಿರ್ಮಲಾ ಚೀಲದಿಂದ ಆ ಹಾಳೆ ತೆಗೆದು ಮುಂದಿಟ್ಟಳು. ಡಾಕ್ಟರು ಓದಿ, ಮಡಚಿ ವಾಪಸು ಕೊಟ್ಟರು.

"ಇದ್ಯಾಕ ತಂದ್ರಿ? ಹದಿನೆಂಟು ತುಂಬಿದಾಕಿಗೆ ಆಕಿದ ಒಂದು ಸಹಿ ಸಾಕ್ರಿ. ಗಂಡಂದು ಬೇಕಾಗಿಲ್ಲ."

"ಯಾವಾಗಿಂದರಿ?" ಎಂದಳು ನಿರ್ಮಲಾ.

"ಕಾಯ್ದೆ ಬಂದಾಗಿಂದ. ನಿಮ್ಮ ಊರಾಗ ಆಶಾ ಇರಬೇಕಲ್ಲ, ಆಕಿ ಹೇಳಲಿಲ್ಲನು?"

ನಿರ್ಮಲಾ ಇಲ್ಲ ಎಂದು ತಲೆಯಾಡಿಸಿದಳು. ಪೆನ್ನು ಹಿಡಿದಳು, ತನ್ನ ಹೆಸರು ಬರೆದಳು. ಹದಿನಾಲ್ಕು ವರ್ಷದಲ್ಲಿ ಎಷ್ಟು ಜನರನ್ನು ವಾಪಸು ಕಳಿಸಿದ್ದೇನೆ ಎಂದು ನೆನಪು ಮಾಡಿಕೊಳ್ಳಲು ಹೋಗಿ ನೀಲಕ್ಕನಿಂದ ಮುಂದೆ ದಾಟಲಾಗಲಿಲ್ಲ.

ಡಾಕ್ಟರು ಕೊಟ್ಟ ಮಾತ್ರೆಗಳಿಂದ ಆಗಬೇಕಾದದ್ದು ಎರಡು ದಿನ ಬಿಟ್ಟು ಮನೆಯಲ್ಲಿ ಆಯಿತು. ಹೊಟ್ಟೆ ಹಿಡಿದುಕೊಂಡು ಒಳಕೋಣೆಯಲ್ಲಿ ಮಲಗಿದವಳನ್ನು ನೋಡಿ ವೀರೇಶನಿಗೆ ತಿಳಿಯಿತು. ಬಿಸಿನೀರು ತಂದಿಟ್ಟು ಹೊರಗೆ ಹಾಸಿಗೆ ಹಾಕಿಕೊಂಡ. ಗಿರಿಜಾಬಾಯಿ ಗೋಡೆಗೆ ಮುಖ ಮಾಡಿ ಅತ್ತಳು. ಅವರಿಬ್ಬರ ದುಃಖವೂ ನಿಜವಾದದ್ದೇ. ಅದಕ್ಕೇ ನಿರ್ಮಲಾಗೆ ಸಿಟ್ಟಾಗಲೂ ಆಗಲಿಲ್ಲ.

ಎಂಟು ದಿನ ಕಳೆದು, ಕಾಲಲ್ಲಿ ಶಕ್ತಿ ಬಂದ ಮೇಲೆ, ಅವಳು ನೀಲಕ್ಕನ ಮನೆಗೆ ಹೋದಳು. ನೀಲಕ್ಕ ಜಗಲಿಯ ಮೇಲೆ ಜೋಳದ ತೆನೆ ಬಿಡಿಸುತ್ತಿದ್ದಳು. ನಾಲ್ಕನೆಯ ಮಗಳು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಕೂತುಕೋ ಎಂದು ಅವಳು ಅನ್ನಲಿಲ್ಲ, ನಿರ್ಮಲಾ ತಾನೇ ಕೂತಳು.

"ಗಂಡನ ಸಹಿ ಬೇಕಾಗಿರಲಿಲ್ಲ ನೀಲಕ್ಕಾ. ಆವತ್ತೂ ಬೇಕಾಗಿರಲಿಲ್ಲ."

ನೀಲಕ್ಕ ತೆನೆಯಿಂದ ಕಣ್ಣೆತ್ತಲಿಲ್ಲ. "ಗೊತ್ತೈತಿ. ಮಕ್ಕಳಾಗದ ಆಪರೇಶನ್ನಿಗೆ ಹೋದಾಗ ಅಲ್ಲೆ ಒಬ್ಬಾಕಿ ನರ್ಸಬಾಯಿ ಹೇಳಿದ್ಲು. ರೇಶನ್ ಬಂದ್ ಅಂತ ಸುಳ್ಳು ಹೇಳಿದಂಗ ಇದನ್ನೂ ಹೇಳಿದಿ ಅಂತ ತಿಳಕೊಂಡೆ."

ಅದು ಸುಳ್ಳು ಹೌದು, ಇದು ತನಗೆ ನಿಜವಾಗಿಯೂ ಗೊತ್ತಿರಲಿಲ್ಲ ಎಂದಳು ನಿರ್ಮಲಾ. ಹೇಳಿದ ಮೇಲೆ, ಯಾವುದು ದೊಡ್ಡ ತಪ್ಪೋ ಅವಳಿಗೇ ತಿಳಿಯಲಿಲ್ಲ. ಈಗ ಹೇಗೆ ಗೊತ್ತಾಯಿತು ಎಂದು ನೀಲಕ್ಕ ಕೇಳಿದಾಗ ಎಲ್ಲವನ್ನೂ ಹೇಳಿದಳು, ಹಾಳೆ, ಕಳ್ಳ ಸಹಿ, ಹಳಿಯಾಳ, ಯಾವುದನ್ನೂ ಬಿಡಲಿಲ್ಲ. ನೀಲಕ್ಕ ತೆನೆ ಬಿಡಿಸುವುದನ್ನು ನಿಲ್ಲಿಸಿ ಕೇಳಿದಳು. ಕೊನೆಗೆ, ಜೊತೆಗೆ ಯಾರು ಬಂದಿದ್ದರು ಎಂದಳು. ಯಾರೂ ಇಲ್ಲ ಎಂದಳು ನಿರ್ಮಲಾ.

ನೀಲಕ್ಕ ಮಗುವಿನ ತಲೆಯನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಸರಿಸಿದಳು.

"ಸಹಿದು ಬಿಡು, ಅದನ್ನ ದವಾಖಾನಿಗೆ ಹೋದ ಮ್ಯಾಲೆ ನೋಡತಿದ್ದೆ. ಆವತ್ತು ನಾ ಸಹಿ ಕೇಳಾಕ ಬಂದಿರಲಿಲ್ಲ ನಿರ್ಮಲಾ. ನನ್ನ ಜೋಡಿ ಬರ್ತೀಯನು ಅಂತ ಕೇಳಾಕ ಬಂದಿದ್ದೆ."

ಅಷ್ಟು ಹೇಳಿ ಅವಳು ಮತ್ತೆ ತೆನೆ ಕೈಗೆತ್ತಿಕೊಂಡಳು. ನಿರ್ಮಲಾ ರಾಶಿಯಿಂದ ಒಂದು ತೆನೆ ಎತ್ತಿಕೊಂಡು ತಾನೂ ಬಿಡಿಸತೊಡಗಿದಳು.