ಟೈಲರಕ್ಕನ ಮೆಷಿನ್

ಟೈಲರಕ್ಕನಿಗೆ ದನಿ ತಗ್ಗಿಸಿ ಮಾತಾಡುವುದು ಗೊತ್ತೇ ಇರಲಿಲ್ಲ. ಆಸ್ಪತ್ರೆಯಲ್ಲಾಗಲಿ, ಸಾವಿನ ಮನೆಯಲ್ಲಾಗಲಿ, ಹೊಲಿಗೆ ಮೆಷಿನ್ನಿನ ಸದ್ದನ್ನು ಮೀರಿ ಮಾತಾಡಿ ರೂಢಿಯಾದ ಆ ಕಂಠ ಬೀದಿಯ ತುದಿಗೂ ಮೊಳಗುತ್ತಿತ್ತು. ಬೇಸಿಗೆಯಲ್ಲೂ ಬಿಡದ ಕಂದು ಕೋಟು, ಅದರ ಅಂಚಿಗೆ ಸಾಲಾಗಿ ಚುಚ್ಚಿದ ಗುಂಡುಪಿನ್ನುಗಳು, ಕೂತಲ್ಲೆಲ್ಲ ಅದೃಶ್ಯ ಪೆಡಲನ್ನು ತುಳಿಯುವ ಬಲಗಾಲು: ನನ್ನ ಕೆಳಗಿನ ಮನೆಯ ಆಕೆ ಇಂದಿಗೂ ನನ್ನ ಕಣ್ಣಿಗೆ ಕಟ್ಟುವುದು ಹೀಗೆ.

ಅವರ ತಂಗಿಯ ಗಂಡ ಕುಡಿದು ಬಂದು ಅವಳ ಮೇಲೆ ಕೈಮಾಡಿದ ಒಂದು ಸಂಜೆ, ಅಕ್ಕ ಕತ್ತರಿಯಿಂದ ಅವನ ತೋಳಿಗೆ ಚುಚ್ಚಿಬಿಟ್ಟರು. ನ್ಯಾಯಾಲಯದಲ್ಲಿ, ವಕೀಲರು ಹೇಳಿಕೊಟ್ಟದ್ದನ್ನೆಲ್ಲ ಬದಿಗಿಟ್ಟು, "ಹೌದು ಸ್ವಾಮಿ, ಚುಚ್ಚಿದೆ. ಚುಚ್ಚಬಾರದಿತ್ತು" ಎಂದರು. ಒಂದು ವರ್ಷ ಸೆರೆಯಾಯಿತು. ಪೊಲೀಸರು ಕತ್ತರಿಯ ಜೊತೆಗೆ ಮೆಷಿನ್ನನ್ನೂ ಹೊತ್ತೊಯ್ದಿದ್ದರು.

ಬಿಡುಗಡೆಯಾದ ಮರುದಿನವೇ ಅಕ್ಕ ನನ್ನನ್ನೂ ಎಳೆದುಕೊಂಡು ಠಾಣೆಗೆ ನಡೆದರು. ಮೂಲೆಯಲ್ಲಿ ಅವರ ಮೆಷಿನ್ ಸಿಬ್ಬಂದಿಯ ಚಹಾ ಮೇಜಾಗಿ ನಿಂತಿತ್ತು. ಹಲಗೆಯ ತುಂಬ ಲೋಟದ ಕಲೆಗಳು.

"ಶಿಕ್ಷೆ ಆದೋರ ಸಾಮಾನು ವಾಪಸ್ ಸಿಗಲ್ಲಮ್ಮಾ, ಹೋಗಿ" ಎಂದರು ಇನ್‌ಸ್ಪೆಕ್ಟರ್.

"ಯಾಕೆ ಸಿಗಲ್ಲ ಸಾರ್? ನಾನು ಚುಚ್ಚಿದ್ದು ಕತ್ತರೀಲಿ. ಮೆಷಿನ್ ಎತ್ತಿ ಹಾಕಿದ್ರೆ ಅವನು ಬದುಕ್ತಿದ್ನಾ?"

ಪೇದೆಯೊಬ್ಬ ನಗು ತಡೆಯಲಾರದೆ ಹೊರಗೋಡಿದ. ಇನ್‌ಸ್ಪೆಕ್ಟರ್ ನಗಲಿಲ್ಲ, ಮೆಷಿನ್ನನ್ನು ಕೊಡಲೂ ಇಲ್ಲ. ಬೀದಿಗೆ ಬಂದ ಮೇಲೆ ಅಕ್ಕ ನನ್ನತ್ತ ತಿರುಗಿದರು. "ಒಂದು ವರ್ಷ ಜೈಲಲ್ಲಿ ಹಾಕಿದ್ದು ತಿಂದೆ ತಮ್ಮಾ. ಈಗ ತಂಗಿ ಮನೆಮನೆ ಪಾತ್ರೆ ತಿಕ್ಕಿ ತಂದಿದ್ದನ್ನ ಕೂತು ತಿನ್ಬೇಕಾ?"

ನಾನು ಅರ್ಜಿ ಬರೆದುಕೊಟ್ಟೆ. ತಿಂಗಳುಗಟ್ಟಲೆ ಅವರು ನ್ಯಾಯಾಲಯದ ಮೆಟ್ಟಿಲು ಸವೆಸಿದರು. ಅಪರಾಧಕ್ಕೆ ಬಳಸದ ವಸ್ತುವನ್ನು ಠಾಣೆ ಇಟ್ಟುಕೊಳ್ಳುವಂತಿಲ್ಲವೆಂದು ಕೊನೆಗೆ ನ್ಯಾಯಾಧೀಶರು ಆದೇಶಿಸಿ, "ಕತ್ತರೀನೂ ಬೇಕೇನಮ್ಮಾ?" ಎಂದು ಕೇಳಿದರು.

"ಬೇಡ ಸ್ವಾಮಿ. ನನ್ನ ಕೈ ಮೇಲೆ ನನಗಿನ್ನೂ ಪೂರ್ತಿ ನಂಬಿಕೆ ಬಂದಿಲ್ಲ."

ಹಾಗೆನ್ನುವಾಗ ಅವರ ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ.

ಮೆಷಿನ್ ಮನೆಗೆ ಬಂದಾಗ ಚಕ್ರ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅಕ್ಕ ಯಾರನ್ನೂ ಬೈಯಲಿಲ್ಲ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಸಂದುಸಂದಿಗೂ ಎಣ್ಣೆ ಬಿಟ್ಟು, ಸಂಜೆಯೊಳಗೆ ಅದನ್ನು ಓಡಿಸಿಯೇ ಎದ್ದರು. ಮರುವಾರ ತಂಗಿ ಪಾತ್ರೆಯ ಕೆಲಸ ಬಿಟ್ಟಳು.

ತಪ್ಪಿಗೆ ತಲೆಬಾಗಿದವರು ಇನ್ನೆಲ್ಲಕ್ಕೂ ತಲೆಬಾಗುವರೆಂದು ಅಧಿಕಾರ ಭಾವಿಸುತ್ತದೆ. ಆದರೆ ಇಂಥವರ ಜಾಯಮಾನವೇ ಬೇರೆ: ತಮ್ಮ ಅಪರಾಧದ ಹೊರೆಯನ್ನು ಕಿಂಚಿತ್ತೂ ಮರೆಮಾಚದೆ ಹೊತ್ತವರಾದ್ದರಿಂದಲೇ, ಅದರ ಮೇಲೆ ಒಂದು ಹುಲ್ಲುಕಡ್ಡಿ ಹೆಚ್ಚಿಗೆ ಹೇರಿದರೂ ಅವರು ನಿಂತು, ಇದು ನನ್ನದಲ್ಲ ಎನ್ನಬಲ್ಲರು.