ಎರವಲು ಹೆಪ್ಪು

ಓಡ್ವಾರನ ಮನೆಯಲ್ಲಿ ಹೆಪ್ಪು ಇರಲಿಲ್ಲ.

ಬಿಯರ್ ಮಾಡಲು ಬೇಕಾದ ಉಳಿದದ್ದೆಲ್ಲ ಇತ್ತು. ನೆಲಮಾಳಿಗೆಯಲ್ಲಿ ನೂರೈವತ್ತು ಲೀಟರಿನ ಎರಡು ಸ್ಟೀಲ್ ಹಂಡೆಗಳು, ಅವುಗಳ ತಳದಲ್ಲಿ ಕರೆಂಟಿನ ಕಾಯಿಲ್, ಮಾಲ್ಟಿನ ರಸವನ್ನು ಸುತ್ತಿಸುವ ಪಂಪು, ಗೋಡೆಯ ಮೇಲೆ ಅವನೇ ಕೂಡಿಸಿದ ಕಂಟ್ರೋಲರ್ ಡಬ್ಬ. ರಸದಲ್ಲಿ ಮುಳುಗಿದ ಶಾಖದ ಕಡ್ಡಿ ಹೇಳಿದಂತೆ ಡಬ್ಬ ಕಾಯಿಲನ್ನು ಹಚ್ಚುತ್ತಿತ್ತು, ಆರಿಸುತ್ತಿತ್ತು. ಅರವತ್ತೇಳು ಡಿಗ್ರಿ ಎಂದರೆ ಅರವತ್ತೇಳೇ. ಜಲವಿದ್ಯುತ್ ಕೇಂದ್ರದಲ್ಲಿ ಮೂವತ್ತು ವರ್ಷ ದುಡಿದವನಿಗೆ ಇದನ್ನು ಕಟ್ಟಲು ಎರಡು ಚಳಿಗಾಲ ಹಿಡಿದಿತ್ತು.

ಹೆಪ್ಪು ಹೋದದ್ದು ಅಜ್ಜಿಯ ಕಾಲದಲ್ಲಿ. ಆ ಕಣಿವೆಯಲ್ಲಿ ಬಿಯರಿನ ಹೆಪ್ಪನ್ನು, ಎಂದರೆ ಯೀಸ್ಟನ್ನು, ಮರದ ಕೊಂಡಿಗಳ ಹಾರದಲ್ಲಿ ಕಾಪಾಡುತ್ತಿದ್ದರು. ಹುದುಗುವ ಬಿಯರಿನ ನೊರೆಯಲ್ಲಿ ಹಾರವನ್ನು ಅದ್ದಿ, ಒಣಗಿಸಿ, ಅಟ್ಟದಲ್ಲಿ ತೂಗುಹಾಕಿದರೆ ಮುಂದಿನ ಸಲಕ್ಕೆ ಅದೇ ಹೆಪ್ಪು. ಅಜ್ಜಿ ಪ್ರಾರ್ಥನಾ ಮಂದಿರದ ಕಡೆ ತಿರುಗಿದವಳು, ಕುಡಿತ ಪಾಪವೆಂದು ಹಾರವನ್ನು ಒಲೆಗೆ ಹಾಕಿದಳು. ಹೀಗೆ ಕಳೆದುಕೊಂಡವರು ಪಕ್ಕದ ಮನೆಗೆ ಹೋಗಿ ಕೇಳುವುದು ವಾಡಿಕೆ. ಯಾರೂ ಇಲ್ಲವೆನ್ನುವುದಿಲ್ಲ. ಓಡ್ವಾರ್ ಮಾತ್ರ ಕೇಳಿರಲಿಲ್ಲ, ಏಕೆಂದರೆ ಪಕ್ಕದ ಮನೆ ಹಲ್ದೋರನದು.

ಹಲ್ದೋರ್ ಕುರಿ ಸಾಕುವವನು. ಹೊಗೆ ಹಿಡಿದ ಕೊಟ್ಟಿಗೆಯಲ್ಲಿ, ಸೌದೆ ಉರಿಯ ಮೇಲೆ, ತಾಮ್ರದ ಹಂಡೆಯಲ್ಲಿ ಬಿಯರ್ ಕಾಯಿಸುತ್ತಿದ್ದ. ಥರ್ಮಾಮೀಟರ್ ಇಲ್ಲ. ಕಾಯಿಸಿದ ರಸ ಹೆಪ್ಪು ಹಾಕುವಷ್ಟು ತಣಿಯಿತೇ ಎಂದು ಮೊಣಕೈ ಅದ್ದಿ ನೋಡಿ, 'ಈಗ' ಎನ್ನುತ್ತಿದ್ದ. ಒಮ್ಮೆ ಓಡ್ವಾರ್ ಕೋಟಿನ ಜೇಬಿನಲ್ಲಿ ಥರ್ಮಾಮೀಟರ್ ಒಯ್ದು, ಯಾರೂ ನೋಡದಾಗ ಅದ್ದಿ ನೋಡಿದ್ದ. ಮೂವತ್ತೊಂಬತ್ತು. ಮುಂದಿನ ಸಲವೂ ಮೂವತ್ತೊಂಬತ್ತೇ. ಅವತ್ತಿನಿಂದ ಹಲ್ದೋರನ ಮೊಣಕೈ ಕಂಡರೇ ಅವನಿಗೆ ಮೈ ಉರಿಯುತ್ತಿತ್ತು.

ಕ್ರಿಸ್‌ಮಸ್‌ಗೆ ಮುಂಚಿನ ಶನಿವಾರ ಹಲ್ದೋರ್ ಪೀಪಾಯಿ ತೆರೆದರೆ ಇಡೀ ಊರು ಅಲ್ಲಿ ಸೇರುತ್ತಿತ್ತು. ಓಡ್ವಾರನ ಹೆಂಡತಿ ಬ್ರಿಟಾ ಕೂಡ. ಹೋದ ವರ್ಷ ಓಡ್ವಾರನೂ ಪ್ಯಾಕೆಟ್ ಯೀಸ್ಟ್ ಹಾಕಿ ಮಾಡಿದ ತನ್ನ ಬಿಯರಿಗೆ ಎಲ್ಲರನ್ನೂ ಕರೆದಿದ್ದ. ಒಂಬತ್ತು ಜನ ಬಂದರು, ಒಂದೊಂದು ಲೋಟ ಕುಡಿದರು.

"ಚೆನ್ನಾಗಿದೆ ಮಾರಾಯ, ಒಂಚೂರೂ ತಪ್ಪಿಲ್ಲ," ಎಂದಿದ್ದ ಹಲ್ದೋರ್. "ಥೇಟ್ ಅಂಗಡಿಯದರ ಹಾಗೇ ಇದೆ."

ಅವನು ಅದನ್ನು ಹೊಗಳಿಕೆಯೆಂದೇ ಹೇಳಿದ್ದ. ಓಡ್ವಾರನಿಗೆ ಆ ಮಾತು ಆರು ತಿಂಗಳಾದರೂ ಗಂಟಲಿಂದ ಕೆಳಗಿಳಿದಿರಲಿಲ್ಲ.

ಜೂನ್ ಕೊನೆಗೆ ಮಗಳು ಸಿನ್ನೆವಾಳ ಮದುವೆ. ಬಿಯರಿನ ಮಾತು ಬಂದಾಗ ಅವಳು ತಟ್ಟೆಯನ್ನೇ ನೋಡುತ್ತಾ ಹೇಳಿದಳು:

"ಅಪ್ಪಾ, ನೀನು ಬೇಜಾರು ಮಾಡ್ಕೋಬೇಡ. ಹಲ್ದೋರ್ ಮಾವನ್ನ ಕೇಳಿದೀನಿ."

"ನನ್ನ ಬಿಯರಿಗೆ ಏನಾಗಿದೆ?"

"ಏನೂ ಆಗಿಲ್ಲ. ಅದೇ ಅದರ ಕಷ್ಟ, ಏನೂ ಆಗೋದೇ ಇಲ್ಲ ಅದಕ್ಕೆ."

ಬ್ರಿಟಾ ನಕ್ಕುಬಿಟ್ಟಳು. ಓಡ್ವಾರ್ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಾ ಕುಳಿತ.

ಮದುವೆಗೆ ಹದಿನೈದು ದಿನವಿದ್ದಾಗ ಹಲ್ದೋರನನ್ನು ಟಗರು ಗುಮ್ಮಿ ಬಲಗೈ ಮಣಿಕಟ್ಟು ಮುರಿಯಿತು. ನೀರು ಹೊರುವ ಹಾಗಿಲ್ಲ, ಸೌದೆ ಎತ್ತುವ ಹಾಗಿಲ್ಲ. ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಕಟ್ಟಿಕೊಂಡು ಅವನೇ ಬಂದ. ಎಡಗೈಯಲ್ಲಿ ಒಂದು ಬಟ್ಟೆ ಗಂಟು.

"ನಿನ್ನ ಕಾರ್ಖಾನೆಯಲ್ಲೇ ಮಾಡೋಣ ಕಣೋ. ಹೆಪ್ಪು ತಂದಿದೀನಿ. ಹಾರವೂ ಇದೆ, ಫ್ರಿಜ್ಜಿನಲ್ಲಿ ಇಟ್ಟಿದ್ದ ಬಾಟಲಿಯೂ ಇದೆ."

"ಬಾಟಲಿ ಮನೆಯಲ್ಲಿ ಇರಲಿ ಬಿಡೋ. ಹೆಚ್ಚುಕಡಿಮೆ ಆದರೆ?"

"ನಿನ್ನ ಹತ್ತಿರ ಎಲ್ಲಿಯ ಹೆಚ್ಚುಕಡಿಮೆ? ಮದುವೆ ಬಿಯರು, ಜಿಪುಣತನ ಬೇಡ. ಮುಗಿದ ಮೇಲೆ ಹೊಸ ಹೆಪ್ಪು ತೆಗೆದು ಎರಡು ಪಾಲು ಮಾಡು. ನಿಂದು ಒಂದು, ನಂದು ಒಂದು."

ಹೀಗೆ, ಕೇಳದೆಯೇ ಕೈಗೆ ಬಂತು. ಓಡ್ವಾರನಿಗೆ ಅದರಿಂದ ಸಂತೋಷವಾಗಲಿಲ್ಲ. ಕೇಳಿ ಪಡೆದಿದ್ದರೆ ತಾನು ಬಗ್ಗಿದಂತಾಗುತ್ತಿತ್ತು ನಿಜ. ಕೇಳದೆ ಕೊಟ್ಟದ್ದರಿಂದ ಹಲ್ದೋರ್ ಇನ್ನೂ ಎತ್ತರವಾದ ಹಾಗೆ ಕಂಡಿತು.

ಮದುವೆಯ ವಾರದ ಬುಧವಾರ ರಸ ಕಾಯಿಸಿದರು. ತಣಿಸುವಾಗ ಡಬ್ಬದ ಮೇಲೆ ಕೆಂಪಂಕಿಗಳು ಇಳಿಯುತ್ತಿದ್ದವು. ನಲವತ್ತೊಂದು, ನಲವತ್ತು. ಹಲ್ದೋರ್ ಅತ್ತ ನೋಡದೆ ಎಡ ಮೊಣಕೈ ಅದ್ದಿ ಕಣ್ಣು ಮುಚ್ಚಿ ನಿಂತಿದ್ದ.

"ಈಗ," ಎಂದ.

ಮೂವತ್ತೊಂಬತ್ತು.

ಬಾಟಲಿಯನ್ನು ಪೂರ್ತಿ ಸುರಿದು, ಹಾರವನ್ನು ಇಳಿಬಿಡುವಾಗ ಹಲ್ದೋರ್ ಸೂರು ಹಾರುವಂತೆ ಕಿರುಚಿದ. ಹೆಪ್ಪು ಹಾಕುವಾಗ ಕಿರುಚಬೇಕು, ಕೆಟ್ಟದ್ದು ಹೆದರಿ ಓಡಬೇಕು.

"ನೀನೂ ಕಿರುಚೋ!"

"ಸ್ಟೀಲ್ ಹಂಡೆಗೆ ಯಾವ ದೆವ್ವ ಬರುತ್ತೆ?"

"ದೆವ್ವಕ್ಕೆ ಸ್ಟೀಲು, ತಾಮ್ರ ಗೊತ್ತಾಗುತ್ತೇನೋ? ಕಿರುಚು."

ಓಡ್ವಾರ್ ಕಿರುಚಲಿಲ್ಲ.

ಎರಡೇ ದಿನಕ್ಕೆ ಹುದುಗಿ ನಿಂತಿತು. ಶುಕ್ರವಾರ ಪೀಪಾಯಿಗೆ ತುಂಬಿದರು. ಹೊಸ ಹೆಪ್ಪನ್ನು ಎರಡು ತಟ್ಟೆಗಳಲ್ಲಿ ಹರಡಿ, ಹಾರವನ್ನೂ ಅದರಲ್ಲೇ ಅದ್ದಿ ತೆಗೆದರು.

"ಅಟ್ಟದಲ್ಲಿ ಹರಡು, ಗಾಳಿಗೆ ತಾನೇ ಒಣಗುತ್ತೆ," ಎಂದು ಹೇಳಿ ಹಲ್ದೋರ್ ಮನೆಗೆ ಹೋದ.

ಓಡ್ವಾರ್ ಅಟ್ಟಕ್ಕೆ ಹೋಗಲಿಲ್ಲ. ಒಣಗಿಸಲೆಂದೇ ಒಂದು ಪೆಟ್ಟಿಗೆ ಕಟ್ಟಿದ್ದ. ಒಳಗೆ ಹೀಟರು, ಫ್ಯಾನು, ಗಾಳಿಕಿಂಡಿಯಿಂದ ತೂರಿಸಿ ಟೇಪು ಹಚ್ಚಿದ ಶಾಖದ ಕಡ್ಡಿ. ಮೂವತ್ತೈದು ಡಿಗ್ರಿಗೆ ಇಟ್ಟರೆ ಅಟ್ಟದಲ್ಲಿ ನಾಲ್ಕು ದಿನ ಹಿಡಿಯುವುದು ಇಲ್ಲಿ ಒಂದೂವರೆ ದಿನಕ್ಕೆ ಮುಗಿಯುತ್ತದೆ. ಎರಡೂ ತಟ್ಟೆ, ಹಾರ ಎಲ್ಲವನ್ನೂ ಒಳಗಿಟ್ಟ. ಇದೊಂದನ್ನಾದರೂ ಹಲ್ದೋರನಿಗಿಂತ ಚೆನ್ನಾಗಿ ಮಾಡಿ ಕೈಗಿಡಬೇಕು ಎನ್ನುವುದು ಅವನ ಲೆಕ್ಕ. ಕೊನೆಗೆ ಹಂಡೆಗಳನ್ನು ತೊಳೆಯುವ ಗುಂಡಿ ಒತ್ತಿದ. ಪಂಪು ತಾನೇ ತೊಳೆಯುವ ಸೋಡಾ ಬೆರೆತ ಬಿಸಿ ನೀರು ಹರಿಸಿ ಉಜ್ಜಿತು. ಸ್ಟೀಲು ಕನ್ನಡಿಯಂತೆ ಹೊಳೆಯಿತು.

ಶನಿವಾರ ಮಧ್ಯಾಹ್ನ ಚರ್ಚು ಮುಗಿಸಿ ಎಲ್ಲರೂ ಓಡ್ವಾರನ ಹುಲ್ಲಿನ ಕೊಟ್ಟಿಗೆಯಲ್ಲಿ ಊಟಕ್ಕೆ ಕೂತರು. ಬಿಯರ್ ಬಂತು. ಮೊದಲ ಗುಟುಕಿಗೇ ಮೇಜುಗಳ ಸದ್ದು ಅಡಗಿ, ಆಮೇಲೆ ಎರಡರಷ್ಟಾಯಿತು. ಓಡ್ವಾರನೂ ಕುಡಿದ. ಹೆಪ್ಪು ತಂದ ಕಿತ್ತಳೆ ಸಿಪ್ಪೆಯ ಘಮ, ರಸಕ್ಕೆ ಹಾಕಿದ ಜುನಿಪರ್ ಕೊಂಬೆಯ ಒಗರು. ಅವನ ಜನ್ಮದಲ್ಲಿ ಅವನ ಹಂಡೆಯಿಂದ ಇಂಥದ್ದು ಬಂದಿರಲಿಲ್ಲ.

ಮದುಮಗನ ಚಿಕ್ಕಪ್ಪ ಲೋಟ ಹಿಡಿದು ಎದ್ದ.

"ಈ ಬಿಯರ್ ಮಾಡಿದವರು ಯಾರು? ಅವರ ಮುಖ ತೋರಿಸ್ರಪ್ಪ!"

ಕೊಟ್ಟಿಗೆಯೆಲ್ಲ ಹಲ್ದೋರನ ಕಡೆ ತಿರುಗಿತು. ಅವನು ಪ್ಲಾಸ್ಟರ್ ಕೈಯಿಂದ ಓಡ್ವಾರನನ್ನು ತೋರಿಸಿದ.

"ಕಾಯಿಸಿದ್ದು ಅವನು. ನಾನು ಮೊಣಕೈ ತೊಳೆದುಕೊಂಡೆ ಅಷ್ಟೇ."

ಎಲ್ಲರೂ ಗೊಳ್ಳೆಂದರು. "ಕಾಯಿಸಿದ್ದು ಯಾರು ಅಂತಲ್ಲ ಕೇಳಿದ್ದು," ಎಂದ ಚಿಕ್ಕಪ್ಪ, "ಹೆಪ್ಪು ಯಾರದು?"

"ಹಲ್ದೋರಂದು!" ಎಂದು ಮೊದಲು ಕೂಗಿದ್ದು ಬ್ರಿಟಾ.

ಆಗಲೇ ಓಡ್ವಾರನ ಜೇಬಿನಲ್ಲಿ ಫೋನು ನಡುಗಿತು. ಒಣಗಿಸುವ ಪೆಟ್ಟಿಗೆಯ ಡಬ್ಬ ಕಳಿಸಿದ ಎಚ್ಚರಿಕೆ: ಹತ್ತೊಂಬತ್ತು ಡಿಗ್ರಿ, ಹೀಟರ್ ಪೂರ್ತಿ ಉರಿಯುತ್ತಿದೆ. ಅವನಿಗೆ ತಕ್ಷಣ ಅರ್ಥವಾಯಿತು. ಕಡ್ಡಿಗೆ ಹಚ್ಚಿದ ಟೇಪು ಬಿಟ್ಟಿದೆ, ಕಡ್ಡಿ ಹೊರಗೆ ನೆಲಕ್ಕೆ ಬಿದ್ದಿದೆ. ನೆಲ ತಣ್ಣಗಿರುವುದರಿಂದ ಡಬ್ಬ ಇನ್ನೂ ಚಳಿಯೆಂದುಕೊಂಡು ಬಿಸಿ ಮಾಡುತ್ತಲೇ ಇದೆ. ಕೇಂದ್ರದಲ್ಲಿ ಹೊಸಬರಿಗೆ ಅವನು ಹೇಳುತ್ತಿದ್ದ ಮೊದಲ ಮಾತೇ 'ಕಡ್ಡಿಯನ್ನು ಕಟ್ಟು, ಅಂಟಿಸಬೇಡ'.

ನೆಲಮಾಳಿಗೆ ನಾಲ್ಕು ನಿಮಿಷದ ದಾರಿ. ಫೋನಿನಲ್ಲಿ ಅಂಕಿ ಇಳಿಯುತ್ತಿತ್ತು. ಹದಿನೇಳು, ಹದಿನಾರು. ಜನ ನಿಂತು ಹಲ್ದೋರನ ಹೆಸರಿನಲ್ಲಿ ಲೋಟ ಎತ್ತುತ್ತಿದ್ದರು.

ಈ ಮಾತು ಮುಗಿಯಲಿ, ಎಂದುಕೊಂಡು ಓಡ್ವಾರ್ ಫೋನನ್ನು ಜೇಬಿಗೆ ಹಾಕಿದ. ಮಾತು ಮುಗಿದು ಹಾಡು ಶುರುವಾಯಿತು. ಹಾಡು ಮುಗಿಯಲಿ ಎಂದುಕೊಂಡ. ಹಾಡು ಮುಗಿದ ಮೇಲೆ ತನ್ನ ಲೋಟವನ್ನು ತಾನೇ ತುಂಬಿಸಿ, ನಿಧಾನವಾಗಿ, ತಳದ ತನಕ ಕುಡಿದ. ಎದ್ದದ್ದು ಐವತ್ತು ನಿಮಿಷದ ಮೇಲೆ.

ನೆಲಮಾಳಿಗೆಯಲ್ಲಿ ಬ್ರೆಡ್ ಸೀದ ವಾಸನೆ. ಹೆಪ್ಪು ಕಾಫಿ ಬಣ್ಣಕ್ಕೆ ತಿರುಗಿತ್ತು, ಹಾರದ ಕೊಂಡಿಗಳು ಮುಟ್ಟಿದರೆ ಸುಡುತ್ತಿದ್ದವು. ಸ್ವಿಚ್ ಆರಿಸಿದ. ವಾಪಸ್ ಹೋಗಿ ಕೂತ. ಯಾರಿಗೂ ಹೇಳಲಿಲ್ಲ.

ಹೇಳಿದ್ದು ಭಾನುವಾರ ಮಧ್ಯಾಹ್ನ, ಹಲ್ದೋರ್ ತನ್ನ ಪಾಲು ಒಯ್ಯಲು ನೆಲಮಾಳಿಗೆಗೆ ಬಂದಾಗ. ಹಲ್ದೋರ್ ಒಂದು ಚಿಟಿಕೆ ಹೆಪ್ಪನ್ನು ಬೆಚ್ಚನೆಯ ಸಕ್ಕರೆ ನೀರಿಗೆ ಹಾಕಿ ಎರಡು ಗಂಟೆ ಕಾದ. ಒಂದು ಗುಳ್ಳೆಯೂ ಏಳಲಿಲ್ಲ.

"ಯಾವಾಗ ಬಿತ್ತೋ ಕಡ್ಡಿ?"

"ಗೊತ್ತಿಲ್ಲ. ಬೆಳಗ್ಗೆ ಬಂದಾಗ ಹೀಗಿತ್ತು."

"ಹೋಗಲಿ ಬಿಡು, ಯಾರ ಕೈಯಲ್ಲಾದರೂ ಆಗುತ್ತೆ. ಪೀಪಾಯಿ ತಳದಲ್ಲಿ ಮಡ್ಡಿ ಇರುತ್ತಲ್ಲ, ಹೊಸ ಹೆಪ್ಪಿಗೆ ಅದು ಸಾಕು. ಪೀಪಾಯಿ ಎಲ್ಲಿ?"

"ಬೆಳಗ್ಗೇನೇ ಕುದಿಯೋ ನೀರು ಹಾಕಿ ತೊಳೆದುಬಿಟ್ನಲ್ಲ!" ಎಂದಳು ಬ್ರಿಟಾ ಬಾಗಿಲಲ್ಲಿ ನಿಂತು. "ನಿನ್ನೆ ಊಟದ ಮಧ್ಯೆ ಎದ್ದು ಇಲ್ಲಿಗೆ ಬಂದಿದ್ಯಲ್ಲ, ಆಗಲೇ ಹೇಳಿದ್ದರೆ..."

ಓಡ್ವಾರ್ ಡಬ್ಬದ ಅಂಕಿಗಳನ್ನೇ ನೋಡುತ್ತಿದ್ದ. ಹಲ್ದೋರ್ ಬ್ರಿಟಾಳನ್ನು ನೋಡಿದ, ಆಮೇಲೆ ಓಡ್ವಾರನನ್ನು. ಹಾರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟ. ಹಿಂದೆ ತನ್ನಿಂದ ಹೆಪ್ಪು ಒಯ್ದಿದ್ದ ನಾಲ್ಕು ಮನೆಗಳಿಗೂ ಆ ವಾರ ಹೋಗಿ ಬಂದ. ಹಲ್ದೋರನ ಮನೆಯಲ್ಲಿ ಹೇಗೂ ಇದೆಯಲ್ಲ ಎಂದು ನಾಲ್ವರೂ ಇಟ್ಟುಕೊಂಡಿರಲಿಲ್ಲ.

ಹೋದದ್ದು ಇಷ್ಟು: ಎರಡು ತಟ್ಟೆ ಹೆಪ್ಪು, ಫ್ರಿಜ್ಜಿನ ಒಂದು ಬಾಟಲಿ, ಐದು ತಲೆಮಾರು ಅದ್ದಿ ಒಣಗಿಸಿದ, ಮೂವತ್ತೆರಡು ಕೊಂಡಿಯ ಒಂದು ಹಾರ. ಕ್ರಿಸ್‌ಮಸ್‌ಗೆ ಮುಂಚೆ ಇಡೀ ಊರು ಸೇರುತ್ತಿದ್ದ ಒಂದು ಶನಿವಾರ.